ಕಾಗದದ ಕಟ್ಟು ಬಿಟ್ಟು ಜಿಯೊಕ್ಯಾಶಿಂಗ್: ಕೈ ಜಿಪಿಎಸ್‌ಗೆ ತುಂಬಿಕೊಳ್ಳಬೇಕಾದದ್ದು ಏನು, ಹೇಗೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು. ರಜೆಯಲ್ಲಿ ಗೆಳೆಯರೊಡನೆ ಜಿಯೊಕ್ಯಾಶಿಂಗ್‌ಗೆ, ಅಂದರೆ ಜಿಪಿಎಸ್ ಹಿಡಿದು ಬೇರೆಯವರು ಮರೆಯಾಗಿಟ್ಟ ಡಬ್ಬಿಗಳನ್ನು (ಕ್ಯಾಶ್) ಹುಡುಕುವ ಆಟಕ್ಕೆ, ಹೋಗುವ ಅಭ್ಯಾಸವಿದೆ. ಇದುವರೆಗೆ ಜಾಲತಾಣದಲ್ಲಿರುವ ಪ್ರತಿಯೊಂದು ಕ್ಯಾಶ್‌ನ ಪುಟವನ್ನೂ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಯ್ಯುತ್ತಿದ್ದೆ. ಮಳೆಗಾಲದಲ್ಲಿ ಅವು ಒದ್ದೆಯಾಗಿ, ಶಾಯಿ ಹರಡಿ, ಬೇಕಾದ ಹೊತ್ತಿಗೆ ಓದಲಾಗುವುದಿಲ್ಲ. ಈಗ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಎಂಬ ಕೈ ಜಿಪಿಎಸ್ ಕೊಂಡಿದ್ದೇನೆ. ಆದರೆ ಅದರಲ್ಲಿ ಕ್ಯಾಶ್‌ಗಳ ಹೆಸರು ಮತ್ತು ಸ್ಥಾನ ಮಾತ್ರ ಕಾಣಿಸುತ್ತವೆ. ವಿವರಣೆಯಾಗಲಿ ಸುಳಿವಾಗಲಿ ಇಲ್ಲ. ಕಾಗದವನ್ನು ಪೂರ್ತಿಯಾಗಿ ಬಿಡಬೇಕಾದರೆ ಏನು ಮಾಡಬೇಕು? ಇಷ್ಟಕ್ಕೆಲ್ಲ ಫೋನ್ ಒಂದೇ ಸಾಲದೇ? ದಯವಿಟ್ಟು ತಿಳಿಸಿ ಸರ್.

ಉತ್ತರ: ನಿಮ್ಮ ಇಟ್ರೆಕ್ಸ್‌ನಲ್ಲಿ ದೋಷವಿಲ್ಲ. ನೀವು ಅದಕ್ಕೆ ತುಂಬಿದ್ದು ಬಹುಶಃ ಎಲ್‌ಒಸಿ ಬಗೆಯ ಫೈಲ್‌ನಿಂದ ಬಂದ ಮಾಹಿತಿ. ಆ ಬಗೆಯ ಫೈಲ್‌ನಲ್ಲಿ ಕ್ಯಾಶ್‌ನ ಸಂಕೇತ, ಹೆಸರು ಮತ್ತು ಅಕ್ಷಾಂಶ-ರೇಖಾಂಶ ಬಿಟ್ಟರೆ ಹೆಚ್ಚಿನದೇನೂ ಇರುವುದಿಲ್ಲ. ಅದು ಸಾಧನದೊಳಗೆ ಸಾಮಾನ್ಯವಾಗಿ ಮಾಮೂಲಿ ವೇಪಾಯಿಂಟ್ ಆಗಿ, ಅಂದರೆ ನಕ್ಷೆಯ ಮೇಲೆ ಗುರುತು ಹಾಕಿದ ಬರೀ ಒಂದು ಬಿಂದುವಾಗಿ, ಕುಳಿತುಕೊಳ್ಳುತ್ತದೆ. ಪರೀಕ್ಷಿಸುವುದು ಸುಲಭ: ನೀವು ತುಂಬಿದ ಹೆಸರುಗಳು ಸಾಧನದ ‘ಜಿಯೊಕ್ಯಾಶಿಂಗ್’ ಎಂಬ ಮೆನುವಿನಲ್ಲಿ ಬರದೆ ‘ವೇಪಾಯಿಂಟ್’ ಪಟ್ಟಿಯಲ್ಲಿ ಬರುತ್ತಿದ್ದರೆ ನಡೆದಿರುವುದು ಇದೇ. ಕಾಗದ ಬಿಡಬೇಕಾದರೆ ನಿಮಗೆ ಬೇಕಾದದ್ದು ಜಿಪಿಎಕ್ಸ್ ಫೈಲ್. ಕ್ಯಾಶ್ ಇಟ್ಟವರು ಬರೆದ ಪೂರ್ಣ ವಿವರಣೆ, ಸುಳಿವು, ಡಬ್ಬಿಯ ಗಾತ್ರ, ಹುಡುಕುವ ಕಷ್ಟ ಮತ್ತು ನೆಲದ ಕಷ್ಟಕ್ಕೆ ಒಂದರಿಂದ ಐದರವರೆಗೆ ಕೊಟ್ಟಿರುವ ಅಂಕಗಳು, ಇತ್ತೀಚೆಗೆ ಹೋಗಿಬಂದವರು ಬರೆದ ಟಿಪ್ಪಣಿಗಳು, ಇವೆಲ್ಲವೂ ಅದರೊಳಗೆ ಪಠ್ಯವಾಗಿ ಅಡಕವಾಗಿರುತ್ತವೆ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಅಮೆರಿಕ ಸರ್ಕಾರ ನಾಗರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಪದ್ಧತಿಯನ್ನು 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಅದಾದ ಮರುದಿನವೇ, ಅಂದರೆ ಮೇ 3ರಂದು, ಆರಿಗನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬವರು ಒಂದು ಬಕೆಟ್ಟಿನಲ್ಲಿ ಕೆಲವು ವಸ್ತುಗಳನ್ನಿಟ್ಟು ಅದರ ಸ್ಥಾನವನ್ನು ಇಂಟರ್ನೆಟ್‌ನಲ್ಲಿ ಪ್ರಕಟಿಸಿದರು. ಅಲ್ಲಿಂದ ಬೆಳೆದದ್ದು ಈ ಹುಡುಕಾಟ. ಒಬ್ಬರು ಡಬ್ಬಿಯನ್ನು ಮರೆಯಾಗಿಟ್ಟು ಸ್ಥಾನವನ್ನು ಪ್ರಕಟಿಸುತ್ತಾರೆ. ಉಳಿದವರು ಹುಡುಕಿ, ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಇದ್ದಂತೆಯೇ ಮರಳಿ ಇಡುತ್ತಾರೆ. ಬಹಳ ಕಾಲ ಎಲ್ಲರೂ ನಿಮ್ಮಂತೆಯೇ ಪ್ರಿಂಟ್ ಹೊತ್ತು ತಿರುಗುತ್ತಿದ್ದರು. 2008ರಲ್ಲಿ ಗಾರ್ಮಿನ್‌ನ ಕೊಲರಾಡೊ, ಆರಿಗನ್ ಸರಣಿಗಳು ಬಂದ ಮೇಲೆ ಕ್ಯಾಶ್‌ನ ಇಡೀ ವಿವರವನ್ನು ಕೈಯಲ್ಲಿರುವ ಸಾಧನದಲ್ಲಿಯೇ ಓದುವುದು ರೂಢಿಯಾಯಿತು. ನಿಮ್ಮ 22ಎಕ್ಸ್ ಅದನ್ನು ಸಲೀಸಾಗಿ ಮಾಡಬಲ್ಲದು.

ಜಿಪಿಎಕ್ಸ್ ಫೈಲ್ ಸಿಗುವುದು ಜಿಯೊಕ್ಯಾಶಿಂಗ್ ಡಾಟ್ ಕಾಮ್ ಜಾಲತಾಣದ ಪ್ರೀಮಿಯಂ, ಅಂದರೆ ಹಣ ಕೊಟ್ಟ, ಸದಸ್ಯರಿಗೆ. ಉಚಿತ ಸದಸ್ಯರು ಪುಟವನ್ನು ಪರದೆಯ ಮೇಲೆ ಓದಬಹುದು, ಪ್ರಿಂಟ್ ತೆಗೆಯಬಹುದು; ಆದರೆ ಸಾಧನಕ್ಕೆ ಬೇಕಾದ ಪೂರ್ಣ ಫೈಲ್ ಅವರಿಗೆ ಸಿಗುವುದಿಲ್ಲ. ವರ್ಷಕ್ಕೆ ಎರಡು-ಮೂರು ಸಲ ಮಾತ್ರ ಹೋಗುವವರಿಗೆ ಈ ಖರ್ಚು ಅಗತ್ಯವೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮಂತೆ ರಜೆ ಬಂದಾಗಲೆಲ್ಲ ಹೊರಡುವವರಿಗೆ ಅದು ಸಾರ್ಥಕ. ಸದಸ್ಯತ್ವ ಪಡೆದ ಮೇಲೆ ಒಂದೊಂದೇ ಕ್ಯಾಶ್‌ನ ಪುಟ ತೆರೆದು ಫೈಲ್ ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ‘ಪಾಕೆಟ್ ಕ್ವೆರಿ’ ಎಂಬ ಸೌಲಭ್ಯವಿದೆ: ಒಂದು ಊರನ್ನು ಕೇಂದ್ರವಾಗಿಟ್ಟು, ಇಷ್ಟು ದೂರದೊಳಗಿನ, ಇಂಥಿಂಥ ಬಗೆಯ ಕ್ಯಾಶ್‌ಗಳು ಬೇಕೆಂದು ಒಮ್ಮೆ ಬರೆದಿಟ್ಟರೆ ಅದು ಎಲ್ಲವನ್ನೂ ಸೇರಿಸಿ ಒಂದೇ ಜಿಪ್ ಫೈಲ್ ಮಾಡಿಕೊಡುತ್ತದೆ. ಒಂದು ಕ್ವೆರಿಯಲ್ಲಿ 1,000 ಕ್ಯಾಶ್‌ಗಳವರೆಗೆ ಪಡೆಯಬಹುದು, ದಿನಕ್ಕೆ ಹತ್ತು ಕ್ವೆರಿಗಳನ್ನು ಓಡಿಸಬಹುದು. ಯುರೋಪಿನ ನಗರಗಳಲ್ಲಿ ಇರುವವರಿಗೆ ಈ ಮಿತಿ ಸಾಲದೆ ಹೋಗಬಹುದು. ನಮ್ಮಲ್ಲಿ ಕ್ಯಾಶ್‌ಗಳು ವಿರಳ. ಶಿವಮೊಗ್ಗವನ್ನು ಕೇಂದ್ರ ಮಾಡಿಕೊಂಡು ದೂರವನ್ನು ಧಾರಾಳವಾಗಿ ಕೊಟ್ಟರೂ ಮಲೆನಾಡು, ಕರಾವಳಿ ಎಲ್ಲ ಒಂದೇ ಕ್ವೆರಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಲಕ್ಷಾಂತರ ಕ್ಯಾಶ್‌ಗಳನ್ನು ತುಂಬಲೆಂದು ಬಂದಿರುವ ಜಿಜಿಝಡ್ ಎಂಬ ಹೊಸ ಬಗೆಯ ಫೈಲ್, ಅದನ್ನು ತಯಾರಿಸುವ ಜಿಸ್ಯಾಕ್‌ನಂಥ ತಂತ್ರಾಂಶ ಇವುಗಳ ಬಗ್ಗೆ ಎಲ್ಲಿಯಾದರೂ ಓದಿದ್ದರೆ ಸದ್ಯಕ್ಕೆ ಬದಿಗಿಡಿ.

ಕ್ವೆರಿ ಬರೆಯುವಾಗ ಗಮನಿಸಬೇಕಾದ ಆಯ್ಕೆಗಳು ಕೆಲವೇ. ‘ನಾನು ಕಂಡುಹಿಡಿಯದ’ ಮತ್ತು ‘ಚಾಲ್ತಿಯಲ್ಲಿರುವ’ ಎಂಬ ಎರಡು ಗುರುತುಗಳನ್ನು ಹಾಕಿ. ಫೈಲ್‌ನ ಬಗೆ ಜಿಪಿಎಕ್ಸ್ ಎಂದೇ ಇರಲಿ. ಕ್ವೆರಿಯ ಹೆಸರು ಫೈಲ್‌ನ ಹೆಸರಿನಲ್ಲಿ ಬರುವಂತೆ ಮಾಡುವ ಗುರುತೂ ಅಲ್ಲಿದೆ; ಅದನ್ನು ಹಾಕದಿದ್ದರೆ ಬರೀ ಅಂಕಿಗಳ ಹೆಸರಿನ ಫೈಲ್ ಬಂದು, ತಿಂಗಳ ನಂತರ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ತಯಾರಾದ ಫೈಲ್ ಜಾಲತಾಣದಲ್ಲಿ ಏಳು ದಿನ ಉಳಿದಿರುತ್ತದೆ. ಹಾಗೆಂದು ಏಳನೆಯ ದಿನದವರೆಗೆ ಕಾಯಬೇಡಿ. ಹೊರಡುವ ಹಿಂದಿನ ಸಂಜೆ ಹೊಸದಾಗಿ ಓಡಿಸಿ ಇಳಿಸಿಕೊಳ್ಳುವುದು ಒಳ್ಳೆಯದು. ಮಳೆಗಾಲದ ಮಲೆನಾಡಿನಲ್ಲಿ ಧರೆ ಕುಸಿದು, ಸಂಕ ಕೊಚ್ಚಿಹೋಗಿ, ಕ್ಯಾಶ್ ಇಟ್ಟವರೇ ಅದನ್ನು ತಾತ್ಕಾಲಿಕವಾಗಿ ಮುಚ್ಚಿರುವ ಸಾಧ್ಯತೆ ಯಾವಾಗಲೂ ಇರುತ್ತದೆ.

ಜಿಪ್ ಬಿಚ್ಚಿದರೆ ಒಳಗೆ ಎರಡು ಫೈಲ್‌ಗಳಿರುತ್ತವೆ. ದೊಡ್ಡದು ಕ್ಯಾಶ್‌ಗಳದ್ದು. ಹೆಸರಿನ ಕೊನೆಯಲ್ಲಿ ‘ಡಬ್ಲ್ಯುಪಿಟಿಎಸ್’ ಎಂದಿರುವ ಚಿಕ್ಕದನ್ನು ಅನೇಕರು ಕಡೆಗಣಿಸುತ್ತಾರೆ, ಮತ್ತು ಕಾಗದ ಬಿಟ್ಟವರು ಕಾಡಿನಲ್ಲಿ ಪರದಾಡುವುದು ಬಹುಪಾಲು ಇದನ್ನು ಕಡೆಗಣಿಸಿದ್ದರಿಂದಲೇ. ವಾಹನ ಎಲ್ಲಿ ನಿಲ್ಲಿಸಬೇಕು, ಕಾಲುದಾರಿ ಎಲ್ಲಿಂದ ಆರಂಭವಾಗುತ್ತದೆ, ಹಲವು ಹಂತಗಳ ಕ್ಯಾಶ್ ಆದರೆ ಇಟ್ಟವರು ಬಹಿರಂಗವಾಗಿ ಕೊಟ್ಟಿರುವ ಹಂತಗಳು ಎಲ್ಲಿವೆ ಎಂಬ ಉಪಸ್ಥಾನಗಳು ಅದರಲ್ಲಿವೆ. ನಮ್ಮ ಗುಡ್ಡಗಳಲ್ಲಿ ಎರಡು ಜಾಗಗಳ ನಡುವೆ ನೇರ ದೂರ ಅರ್ಧ ಕಿಲೋಮೀಟರ್ ಇದ್ದರೂ ನಡುವೆ ಒಂದು ಹಳ್ಳ, ಒಂದು ಅಡಿಕೆ ತೋಟ, ಅದರ ಉಣುಗೋಲು, ಆಚೆಗೆ ಕಾನು ಎಂದು ದಾರಿ ಸುತ್ತಿಕೊಂಡು ಹೋಗುತ್ತದೆ. ಡಬ್ಬಿಯ ಸ್ಥಾನಕ್ಕಿಂತ ಕಾಲುದಾರಿಯ ಬಾಯಿ ಎಲ್ಲಿದೆ ಎಂಬುದೇ ಹೆಚ್ಚು ಬೆಲೆಯುಳ್ಳ ಮಾಹಿತಿ. ಎರಡೂ ಫೈಲ್‌ಗಳನ್ನು ತಪ್ಪದೆ ಹಾಕಿಕೊಳ್ಳಿ.

ಹಾಕಿಕೊಳ್ಳುವ ಕ್ರಮ ಸರಳ. ಸಾಧನವನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿದರೆ ಅದು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಅದರೊಳಗೆ ‘ಗಾರ್ಮಿನ್’ ಎಂಬ ಫೋಲ್ಡರ್, ಅದರೊಳಗೆ ‘ಜಿಪಿಎಕ್ಸ್’ ಎಂಬ ಫೋಲ್ಡರ್. ಎರಡೂ ಫೈಲ್‌ಗಳನ್ನು ಅಲ್ಲಿಗೆ ನಕಲು ಮಾಡಿದರೆ ಮುಗಿಯಿತು. ಹಳೆಯ ಮಾರ್ಗದರ್ಶಿಗಳಲ್ಲಿ ಬ್ರೌಸರ್‌ನಿಂದ ನೇರವಾಗಿ ಸಾಧನಕ್ಕೆ ಕಳಿಸುವ ಗಾರ್ಮಿನ್ ಕಮ್ಯುನಿಕೇಟರ್ ಪ್ಲಗಿನ್‌ನ ಪ್ರಸ್ತಾಪವಿರುತ್ತದೆ. ಅದು ಇಂದಿನ ಬ್ರೌಸರ್‌ಗಳಲ್ಲಿ ನಡೆಯುವುದಿಲ್ಲ. ಹೊಸ ಫೈಲ್ ಹಾಕುವ ಮೊದಲು ಹಳೆಯ ಕ್ವೆರಿಯ ಫೈಲ್‌ಗಳನ್ನು ಅಳಿಸಿ. ಕಾಯಂ ಆಗಿ ಮುಚ್ಚಿಹೋದ ಕ್ಯಾಶ್‌ಗಳು ಹೊಸ ಕ್ವೆರಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಹೊಸ ಫೈಲ್ ಹಳೆಯದನ್ನು ತಿದ್ದಲಾರದು; ಹಳೆಯ ಫೈಲ್ ಉಳಿದಿದ್ದರೆ ಇಲ್ಲದ ಡಬ್ಬಿಯೂ ಪರದೆಯ ಮೇಲೆ ಇದ್ದಂತೆಯೇ ತೋರುತ್ತದೆ. ಕೇಬಲ್ ಕೀಳುವ ಮೊದಲು ಕಂಪ್ಯೂಟರ್‌ನಲ್ಲಿ ‘ಇಜೆಕ್ಟ್’ ಕೊಡುವುದನ್ನು ಮರೆಯಬೇಡಿ. ಅರ್ಧ ಬರೆದ ಜಿಪಿಎಕ್ಸ್ ಫೈಲ್ ಇದ್ದರೆ ಸಾಧನವು ಮರುದಿನ ಚಾಲೂ ಆಗುವಾಗಲೇ ನಿಂತುಬಿಡುವುದುಂಟು.

ಕೇಬಲ್ ಬಗ್ಗೆ ಒಂದು ಕಿವಿಮಾತು. 22ಎಕ್ಸ್‌ಗೆ ಬೇಕಾದದ್ದು ಮಿನಿ ಯುಎಸ್‌ಬಿ, ಇಂದಿನ ಫೋನ್‌ಗಳ ಟೈಪ್-ಸಿ ಅಲ್ಲ, ಹಿಂದಿನ ಫೋನ್‌ಗಳ ಮೈಕ್ರೋ ಯುಎಸ್‌ಬಿಯೂ ಅಲ್ಲ. ಸಣ್ಣ ಊರಿನ ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಮೈಕ್ರೋ ತೆಗೆದುಕೊಡುತ್ತಾರೆ. ಒಂದು ಹೆಚ್ಚುವರಿ ಮಿನಿ ಕೇಬಲ್ ಸಿಕ್ಕಾಗಲೇ ಕೊಂಡು ಚೀಲದಲ್ಲಿಡಿ. ಲ್ಯಾಪ್‌ಟಾಪ್ ಇಲ್ಲದೆ ಹೋಮ್‌ಸ್ಟೇಯಲ್ಲಿ ತಂಗಿದ್ದಾಗ ಇನ್ನೊಂದು ಉಪಾಯವಿದೆ: ಸಾಧನದ ಬ್ಯಾಟರಿಯ ಕೆಳಗಿರುವ ಮೈಕ್ರೋ ಎಸ್‌ಡಿ ಕಾರ್ಡನ್ನು ತೆಗೆದು, ಕಾರ್ಡ್ ರೀಡರ್ ಮತ್ತು ಒಟಿಜಿ ಕೇಬಲ್ ಮೂಲಕ ಫೋನ್‌ಗೆ ಜೋಡಿಸಿ, ಕಾರ್ಡ್‌ನಲ್ಲಿಯೂ ಅದೇ ಹೆಸರಿನ ಫೋಲ್ಡರ್‌ಗಳನ್ನು ಮಾಡಿ ಫೈಲ್ ಹಾಕಿದರೆ ಸಾಧನವು ಅದನ್ನೂ ಓದಿಕೊಳ್ಳುತ್ತದೆ.

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಕಾಗದ ಬಿಡುವ ಕೆಲಸ ಈಗ ಆರಂಭವಾಗುತ್ತದೆ. ಪ್ರಿಂಟ್ ತೆಗೆಯುವ ಅಭ್ಯಾಸದಲ್ಲಿ ಒಂದು ಗುಣವಿತ್ತು: ಪ್ರಿಂಟ್ ತೆಗೆಯುವ ಮೊದಲು ಪುಟವನ್ನು ಒಮ್ಮೆಯಾದರೂ ಓದುತ್ತಿದ್ದೆವು. ಒಂದೇ ಏಟಿಗೆ ಎಲ್ಲವನ್ನೂ ಸಾಧನಕ್ಕೆ ತುಂಬಿದಾಗ ಆ ಓದು ತಪ್ಪಿಹೋಗುತ್ತದೆ, ಎಲ್ಲವೂ ಕೈಯಲ್ಲಿದೆ ಎಂಬ ಧೈರ್ಯ ಮಾತ್ರ ಉಳಿಯುತ್ತದೆ. ಸಾಧನವೆಂದರೆ ಪಣತವಿದ್ದಂತೆ, ತುಂಬಿದ ಕಾಳೇ ಹೊರಗೆ ಬರುವುದು. ಆದ್ದರಿಂದ ಹಿಂದಿನ ರಾತ್ರಿ, ನೆಟ್‌ವರ್ಕ್ ಇರುವಲ್ಲಿ ಕುಳಿತು, ಮರುದಿನ ಹೋಗಲಿರುವ ಕ್ಯಾಶ್‌ಗಳನ್ನಷ್ಟೇ ಸಾಧನದ ಪರದೆಯಲ್ಲಿಯೇ, ಕಂಪ್ಯೂಟರಿನಲ್ಲಲ್ಲ, ಒಂದೊಂದಾಗಿ ತೆರೆದು ನೋಡಿ. ವಿವರಣೆ ಪೂರ್ತಿ ಬಂದಿದೆಯೇ? ‘ಚಿತ್ರದಲ್ಲಿ ತೋರಿಸಿರುವ ಕಲ್ಲಿನ ಎಡಕ್ಕೆ’ ಎಂಬಂಥ ಮಾತಿದ್ದರೆ ಆ ಚಿತ್ರ ಜಿಪಿಎಕ್ಸ್‌ನಲ್ಲಿ ಇರುವುದಿಲ್ಲ; ಅದು ಪಠ್ಯವನ್ನು ಮಾತ್ರ ಹೊರುವ ಫೈಲ್. ಅಂಥ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಒಗಟು ಬಿಡಿಸಿ ಸ್ಥಾನ ಕಂಡುಕೊಳ್ಳಬೇಕಾದ ಕ್ಯಾಶ್ ಆಗಿದ್ದರೆ, ಬಿಡಿಸಿದ ಉತ್ತರವನ್ನು ಜಾಲತಾಣದ ಪುಟದಲ್ಲಿ ತಿದ್ದಿದ ಸ್ಥಾನವಾಗಿ ದಾಖಲಿಸಿದ ಮೇಲೆಯೇ ಕ್ವೆರಿ ಓಡಿಸಿ. ಇಲ್ಲವಾದರೆ ಸಾಧನ ನಿಮ್ಮನ್ನು ತೋರಿಕೆಯ ಸ್ಥಾನಕ್ಕೇ ಕರೆದೊಯ್ಯುತ್ತದೆ. ವಿವರಣೆಯನ್ನು ಕನ್ನಡದಲ್ಲಿ ಬರೆದಿದ್ದರೆ ಅಕ್ಷರಗಳು ಪರದೆಯಲ್ಲಿ ಸರಿಯಾಗಿ ಮೂಡುತ್ತವೆ ಎಂಬ ಭರವಸೆ ಬೇಡ. ಅದನ್ನೂ ಈ ರಾತ್ರಿಯೇ ನೋಡಿಕೊಳ್ಳಬೇಕು.

ಕೈಯಾರೆ ಸ್ಥಾನ ನಮೂದಿಸುವ ಸಂದರ್ಭ ಬಂದರೆ ಅಂಕಿಗಳ ರೂಪದ ಬಗ್ಗೆ ಎಚ್ಚರ ಬೇಕು. ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ, ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂಬ ಭೂ ಅಳತೆಯ ಆಧಾರದಲ್ಲಿ ಬರೆಯುತ್ತಾರೆ. ಫೋನಿನ ನಕ್ಷೆಗಳು ಸಾಮಾನ್ಯವಾಗಿ ತೋರಿಸುವುದು ದಶಮಾಂಶ ಡಿಗ್ರಿ. ಶಿವಮೊಗ್ಗ ಪೇಟೆಯೊಳಗಿನ ಒಂದು ಬಿಂದುವನ್ನು ಉತ್ತರ 13° 55.800′, ಪೂರ್ವ 75° 34.200′ ಎಂದು ಬರೆದಿದ್ದಾರೆಂದುಕೊಳ್ಳಿ. ಇದು 13.930 ಮತ್ತು 75.570 ಡಿಗ್ರಿಗೆ ಸಮ. ನಿಮಿಷಗಳನ್ನು 60ರಿಂದ ಭಾಗಿಸದೆ ಅವಸರದಲ್ಲಿ 13.558, 75.342 ಎಂದು ಒತ್ತಿದರೆ ಬಾಣ ನಿಮ್ಮನ್ನು ಸುಮಾರು 48 ಕಿಲೋಮೀಟರ್ ಆಚೆ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಆಸುಪಾಸಿಗೆ ಕಳಿಸುತ್ತದೆ. ಇಷ್ಟು ದೊಡ್ಡ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ, ಅದು ಪುಣ್ಯ. ಕಣ್ಣಿಗೆ ಬೀಳದ ತಪ್ಪು ಕೊನೆಯ ಅಂಕಿಗಳದ್ದು: ನಿಮಿಷದ ಸಾವಿರದಲ್ಲೊಂದು ಭಾಗ ನೆಲದ ಮೇಲೆ ಸುಮಾರು 1.85 ಮೀಟರ್. ದಶಮಾಂಶದ ಎರಡನೆಯ ಅಂಕಿ ಐದರಷ್ಟು ತಪ್ಪಿದರೆ 90 ಮೀಟರ್ ಆಚೆ, ಬೇರೊಬ್ಬರ ಹಕ್ಕಲಿನಲ್ಲಿ ಹುಡುಕುತ್ತಾ ನಿಂತಿರುತ್ತೀರಿ. ಜಿಪಿಎಕ್ಸ್ ಫೈಲ್ ಬಳಸುವುದರ ದೊಡ್ಡ ಲಾಭವೇ ಅಂಕಿ ಒತ್ತುವ ಈ ಕೆಲಸ ತಪ್ಪುವುದು.

ಜಾಗಕ್ಕೆ ಹೋದ ಮೇಲೆ ‘ಜಿಯೊಕ್ಯಾಶಿಂಗ್’ ಮೆನುವಿನಿಂದಲೇ ಕ್ಯಾಶ್ ಆರಿಸಿ. ಹತ್ತಿರವಿರುವುದು ಮೊದಲು ಬರುತ್ತದೆ. ವಿವರಣೆ, ಸುಳಿವು, ಹಿಂದಿನವರ ಟಿಪ್ಪಣಿ ಎಲ್ಲವೂ ಅಲ್ಲಿಯೇ ತೆರೆದುಕೊಳ್ಳುತ್ತವೆ. ಟಿಪ್ಪಣಿಗಳನ್ನು ಸುಳಿವಿಗಿಂತ ಮೊದಲೇ ಓದುವುದು ನನ್ನ ರೂಢಿ. ಕ್ವೆರಿಯಲ್ಲಿ ಇತ್ತೀಚಿನ ಐದು ಟಿಪ್ಪಣಿಗಳು ಬರುತ್ತವೆ. ಅವುಗಳಲ್ಲಿ ಮೂರು ‘ಸಿಗಲಿಲ್ಲ’ ಎಂದಿದ್ದರೆ, ಅದೂ ಒಂದು ಮಳೆಗಾಲ ಕಳೆದ ಮೇಲೆ ಬರೆದದ್ದಾಗಿದ್ದರೆ, ಡಬ್ಬಿ ನೀರಿನೊಡನೆ ಹೋಗಿರುವ ಸಂಭವವೇ ಹೆಚ್ಚು. ಸುಳಿವಿನ ವಿಷಯದಲ್ಲಿ ಒಂದು ತಮಾಷೆಯ ಸಂಗತಿಯಿದೆ. ಜಾಲತಾಣದ ಪುಟದಲ್ಲಿ ಸುಳಿವು ರಾಟ್-13 ಎಂಬ ಸರಳ ಗೂಢಲಿಪಿಯಲ್ಲಿರುತ್ತದೆ, ಪ್ರತಿ ಇಂಗ್ಲಿಷ್ ಅಕ್ಷರವನ್ನೂ ಹದಿಮೂರು ಸ್ಥಾನ ಸರಿಸಿ ಬರೆದದ್ದು. ಕಾಗದದ ಕಾಲದಲ್ಲಿ ಅದನ್ನು ಬಂಡೆಯ ಮೇಲೆ ಕುಳಿತು ಪೆನ್ಸಿಲ್ಲಿನಿಂದ ಬಿಡಿಸಬೇಕಾಗಿತ್ತು; ಸಾಧನ ಅದನ್ನು ಬಿಡಿಸಿಯೇ ತೋರಿಸುತ್ತದೆ. ಕನ್ನಡದಲ್ಲಿ ಬರೆದ ಸುಳಿವಿಗೆ ಈ ಗೂಢಲಿಪಿ ತಾಗುವುದೇ ಇಲ್ಲ, ಅದು ಪುಟದಲ್ಲಿ ಬಟಾಬಯಲಾಗಿ ಕುಳಿತಿರುತ್ತದೆ.

22ಎಕ್ಸ್‌ನಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ. ಅದು ಇರುವುದು 32ಎಕ್ಸ್‌ನಲ್ಲಿ. ಹಾಗಾಗಿ ನಿಮ್ಮ ಸಾಧನದ ಬಾಣ ನಿಜವಾದ ದಿಕ್ಕು ತೋರಿಸುವುದು ನೀವು ನಡೆಯುತ್ತಿರುವಾಗ ಮಾತ್ರ. ನಿಂತ ಕೂಡಲೇ ಅದು ಹಿಂದಿನ ಅಂದಾಜಿನ ಮೇಲೆ ಎತ್ತಲೋ ತಿರುಗುತ್ತದೆ. ಕೊನೆಯ ಇಪ್ಪತ್ತು ಮೀಟರ್‌ಗಳಲ್ಲಿ ಹೀಗೆ ಮಾಡಿ: ಒಂದೇ ನಡೆಯಲ್ಲಿ, ನಿಧಾನವಾಗಿ, ಬಾಣದ ಗೆರೆಯಲ್ಲಿ ಹೋಗಿ, ದೂರದ ಅಂಕಿ ಐದಾರು ಮೀಟರಿಗೆ ಇಳಿದಾಗ ಸಾಧನವನ್ನು ಕೆಳಗಿಳಿಸಿ, ಹತ್ತಿಪ್ಪತ್ತು ಹೆಜ್ಜೆ ಬದಿಗೆ ಸರಿದು ಬೇರೆ ದಿಕ್ಕಿನಿಂದ ಇನ್ನೊಮ್ಮೆ ಬನ್ನಿ, ಎರಡು ಗೆರೆಗಳು ಕೂಡುವಲ್ಲಿ ಹುಡುಕಿ. ಬಯಲಿನಲ್ಲಿ, ಬ್ಯಾಣದಲ್ಲಿ ಮೂರರಿಂದ ಐದು ಮೀಟರ್ ನಿಖರತೆ ಸಿಗುತ್ತದೆ. ಒದ್ದೆ ಎಲೆಗಳ ದಟ್ಟ ಕಾನಿನಲ್ಲಿ, ಅದರಲ್ಲೂ ಆಗುಂಬೆಯ ಕಡೆಯ ಕಣಿವೆಗಳಂಥ ಜಾಗಗಳಲ್ಲಿ, ಹತ್ತು ಮೀಟರಿಗಿಂತ ಹೆಚ್ಚು ತಪ್ಪಿದರೂ ಆಶ್ಚರ್ಯವಿಲ್ಲ, ಏಕೆಂದರೆ ಸಂಕೇತ ಎಲೆಯ ನೀರಿನಲ್ಲಿ ಕುಗ್ಗುತ್ತದೆ, ಬಂಡೆಗೆ ಬಡಿದು ಸುತ್ತಿ ಬರುತ್ತದೆ. ಕ್ಯಾಶ್ ಇಟ್ಟವರ ಸಾಧನಕ್ಕೂ ಅದೇ ತಪ್ಪು ಆಗಿರುತ್ತದೆ ಎಂಬುದು ನೆನಪಿರಲಿ. ಅಲ್ಲಿಂದ ಮುಂದೆ ಕಣ್ಣು, ವಿವರಣೆ ಮತ್ತು ಸುಳಿವು ಇವುಗಳದ್ದೇ ಕೆಲಸ. ಸಾಧನದಲ್ಲಿ ಜಿಪಿಎಸ್ ಜೊತೆಗೆ ರಷ್ಯಾದ ಉಪಗ್ರಹ ವ್ಯವಸ್ಥೆಯಾದ ಗ್ಲೊನಾಸ್ ಅನ್ನೂ ಚಾಲೂ ಇಟ್ಟರೆ ಕಣಿವೆಯಲ್ಲಿ ಸ್ವಲ್ಪ ಅನುಕೂಲ, ಬ್ಯಾಟರಿ ಸ್ವಲ್ಪ ಬೇಗ ಮುಗಿಯುತ್ತದೆ.

ಡಬ್ಬಿ ಸಿಕ್ಕಿತೋ ಇಲ್ಲವೋ ಎಂಬುದನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುವ ಅಗತ್ಯವೂ ಇಲ್ಲ. ಸಾಧನದಲ್ಲಿ ‘ಲಾಗ್ ಅಟೆಂಪ್ಟ್’ ಒತ್ತಿದರೆ ಸಿಕ್ಕಿತು, ಸಿಗಲಿಲ್ಲ, ದುರಸ್ತಿ ಬೇಕು ಎಂಬ ಆಯ್ಕೆಗಳು ಬರುತ್ತವೆ, ಬೇಕಾದರೆ ಒಂದು ಟಿಪ್ಪಣಿಯನ್ನೂ ಸೇರಿಸಬಹುದು. ಇಟ್ರೆಕ್ಸ್‌ನ ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ಅತ್ತಿತ್ತ ದೂಡಿ ಒಂದೊಂದೇ ಅಕ್ಷರ ಆರಿಸುವ ಕೆಲಸ ಬೇಸರದ್ದು, ಅದೂ ಕಾಲಿಗೆ ಉಂಬಳ ಹತ್ತುತ್ತಿರುವಾಗ. ನಿಮಗೆ ಮಾತ್ರ ಅರ್ಥವಾಗುವ ಎರಡು-ಮೂರು ಇಂಗ್ಲಿಷ್ ಅಕ್ಷರಗಳ ಸಂಕೇತ ಸಾಕು. ಮನೆಗೆ ಬಂದ ಮೇಲೆ ಸಾಧನದ ‘ಗಾರ್ಮಿನ್’ ಫೋಲ್ಡರ್‌ನಲ್ಲಿರುವ ‘ಜಿಯೊಕ್ಯಾಶ್ ವಿಸಿಟ್ಸ್’ ಎಂಬ ಪಠ್ಯ ಫೈಲ್ ಅನ್ನು ಜಾಲತಾಣದ ‘ಡ್ರಾಫ್ಟ್ಸ್’ ವಿಭಾಗಕ್ಕೆ ಏರಿಸಿ. ಹಿಂದೆ ಇದನ್ನೇ ಫೀಲ್ಡ್ ನೋಟ್ಸ್ ಎನ್ನುತ್ತಿದ್ದರು. ಹೋದ ಕ್ರಮದಲ್ಲಿ, ಹೊತ್ತಿನ ಸಮೇತ, ಎಲ್ಲ ಕ್ಯಾಶ್‌ಗಳೂ ಪಟ್ಟಿಯಾಗಿ ಬರುತ್ತವೆ. ಒಂದೊಂದನ್ನೇ ತೆರೆದು ವಿವರವಾಗಿ, ಕನ್ನಡದಲ್ಲಿಯೇ ಬೇಕಾದರೂ, ಬರೆದು ಪ್ರಕಟಿಸಬಹುದು. ಸಾಧನ ಹಳೆಯ ನಮೂದುಗಳನ್ನು ಅಳಿಸುವುದಿಲ್ಲ, ಅದೇ ಫೈಲ್‌ನ ಕೊನೆಗೆ ಹೊಸದನ್ನು ಸೇರಿಸುತ್ತಾ ಹೋಗುತ್ತದೆ. ಆದ್ದರಿಂದ ಏರಿಸುವಾಗ ‘ಈ ದಿನಾಂಕಕ್ಕಿಂತ ಹಿಂದಿನದನ್ನು ಬಿಡು’ ಎಂಬ ಆಯ್ಕೆಯನ್ನು ಬಳಸಿ.

ಇನ್ನು ಫೋನ್ ಸಾಲದೇ ಎಂಬ ಪ್ರಶ್ನೆ. ಪೇಟೆಯಲ್ಲಿ, ಬೇಸಿಗೆಯಲ್ಲಿ, ಖಂಡಿತ ಸಾಕು. ಚಿತ್ರಗಳೂ ನಕ್ಷೆಯೂ ಅದರಲ್ಲಿ ಎಷ್ಟೋ ಚೆನ್ನಾಗಿ ಕಾಣುತ್ತವೆ. ಆಂಡ್ರಾಯ್ಡ್‌ನ ಸಿ-ಜಿಯೊ ಎಂಬ ಉಚಿತ ಆ್ಯಪ್ ನೀವು ಇಳಿಸಿದ ಅದೇ ಜಿಪಿಎಕ್ಸ್ ಫೈಲ್ ಅನ್ನು ತೆರೆದು ನೆಟ್‌ವರ್ಕ್ ಇಲ್ಲದೆಯೂ ತೋರಿಸುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಫೋನಿನ ಗಾಜು ಕೈಕೊಡುತ್ತದೆ. ಮಳೆಹನಿ ಬಿದ್ದಲ್ಲೆಲ್ಲ ತಾನೇ ಒತ್ತಿಕೊಳ್ಳುತ್ತದೆ, ಒದ್ದೆ ಬೆರಳಿಗೆ ಸ್ಪಂದಿಸುವುದಿಲ್ಲ. ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಮಧ್ಯಾಹ್ನದೊಳಗೆ ಬ್ಯಾಟರಿಯೂ ಇಳಿದಿರುತ್ತದೆ, ಮತ್ತು ದಾರಿ ತಪ್ಪಿದಾಗ ಕರೆ ಮಾಡಲು ಬೇಕಾದದ್ದೂ ಅದೇ ಬ್ಯಾಟರಿ. ಇಟ್ರೆಕ್ಸ್‌ಗೆ ಗುಂಡಿಗಳಿವೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವ ಐಪಿಎಕ್ಸ್ 7 ಮಟ್ಟದ ರಕ್ಷಣೆಯಿದೆ, ಎರಡು ಡಬಲ್-ಎ ಸೆಲ್‌ಗಳಲ್ಲಿ ತಯಾರಕರ ಲೆಕ್ಕದಂತೆ 25 ಗಂಟೆಯವರೆಗೆ ನಡೆಯುತ್ತದೆ, ಆ ಸೆಲ್ ಹೊಸನಗರದ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಬಗೆಯನ್ನು ಬದಲಾಯಿಸಿ, ಇಲ್ಲವಾದರೆ ಉಳಿದ ಶಕ್ತಿಯ ಗುರುತು ಸುಳ್ಳು ಹೇಳುತ್ತದೆ. ನೀರಿನಿಂದ ರಕ್ಷಣೆಯಿರುವುದು ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಮತ್ತು ಹಿಂಬದಿಯ ಮುಚ್ಚಳ ಬಿಗಿಯಾಗಿ ಕುಳಿತಿದ್ದರೆ ಮಾತ್ರ. ಹೀಗಾಗಿ ನನ್ನ ಸಲಹೆ ಎರಡೂ ಇರಲಿ ಎಂಬುದು: ನಡೆಯುವಾಗ ಕೈಯಲ್ಲಿ ಜಿಪಿಎಸ್, ಚೀಲದೊಳಗೆ ಜಿಪ್ ಕವರಿನಲ್ಲಿ, ಏರೋಪ್ಲೇನ್ ಮೋಡ್‌ನಲ್ಲಿ, ಅದೇ ಜಿಪಿಎಕ್ಸ್ ತುಂಬಿದ ಫೋನ್.

ಮುಂದೊಮ್ಮೆ ದೊಡ್ಡ ಸಾಧನ ಕೊಳ್ಳುವ ಮನಸ್ಸಾದರೆ ಒಂದು ಎಚ್ಚರಿಕೆ ಹೇಳಲೇಬೇಕು. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 66ಐ, 67ಐ ಮೊದಲಾದ, ಕೊನೆಗೆ ‘ಐ’ ಅಕ್ಷರವಿರುವ ಮಾದರಿಗಳಲ್ಲಿ ಇನ್‌ರೀಚ್ ಎಂಬ ಉಪಗ್ರಹ ಸಂದೇಶ ಸೌಲಭ್ಯ ಇರುತ್ತದೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅಂಥ ಸಾಧನವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಕಾನೂನಿನ ತೊಡಕಿಗೆ ಕಾರಣವಾಗುತ್ತದೆ. ವಿದೇಶದಿಂದ ತಂದವರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ. ಅಮೆರಿಕದಲ್ಲಿರುವ ನೆಂಟರು ಉಡುಗೊರೆಯಾಗಿ ತರುತ್ತೇನೆಂದರೆ ಮಾದರಿಯ ಹೆಸರನ್ನು ಕೊನೆಯ ಅಕ್ಷರದವರೆಗೆ ಕೇಳಿ ತಿಳಿದುಕೊಳ್ಳಿ. ಬರೀ ಸಂಕೇತವನ್ನು ಸ್ವೀಕರಿಸುವ ನಿಮ್ಮ 22ಎಕ್ಸ್‌ನಂಥವುಗಳಲ್ಲಿ ಈ ಸೌಲಭ್ಯವಿಲ್ಲ.

ಇಷ್ಟಾದ ಮೇಲೂ ‘ಪೂರ್ತಿಯಾಗಿ’ ಎಂಬ ನಿಮ್ಮ ಮಾತನ್ನು ಒಪ್ಪಲಾರೆ. ಡಬ್ಬಿಯೊಳಗಿನ ಪುಸ್ತಕ ಕಾಗದದ್ದೇ, ಅದರಲ್ಲಿ ಹೆಸರು ಬರೆಯದೆ ಸಿಕ್ಕಿತೆಂದು ದಾಖಲಿಸುವಂತಿಲ್ಲ. ಡಬ್ಬಿಯೇ ಇಲ್ಲದೆ ನೆಲದ ರಚನೆಯನ್ನು ಗಮನಿಸಿ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕಾದ ಅರ್ಥ್‌ಕ್ಯಾಶ್‌ಗಳಂಥವು ಇದಕ್ಕೆ ಹೊರತು. ಅವುಗಳ ಪ್ರಶ್ನೆಗಳೂ ಜಿಪಿಎಕ್ಸ್‌ನ ವಿವರಣೆಯಲ್ಲಿಯೇ ಬರುತ್ತವೆ. ಉಳಿದವುಗಳಿಗೆ ಒಂದು ಮೋಟು ಪೆನ್ಸಿಲ್ ಇರಲಿ. ಥಂಡಿ ಹಿಡಿದ ಕಾಗದದ ಮೇಲೆ ಬಾಲ್‌ಪೆನ್ ಜಾರುತ್ತದೆ, ಪೆನ್ಸಿಲ್ ಬರೆಯುತ್ತದೆ.

ಇನ್ನೊಂದು ಹಾಳೆಯನ್ನು ನಾನು ಎಲ್ಲರಿಗೂ ಒತ್ತಾಯಿಸಿ ಇಡಿಸುತ್ತೇನೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಬೇಲಿಯ ಬಳಿ, ಕೈಯಲ್ಲಿ ಏನೋ ಯಂತ್ರ ಹಿಡಿದು, ಜಂಬಿಟ್ಟಿಗೆ ಕಲ್ಲಿನ ಸಂದುಗಳನ್ನು ಇಣುಕಿ ನೋಡುವ ಅಪರಿಚಿತರನ್ನು ಕಂಡರೆ ಯಾವ ತೋಟದವರಿಗಾದರೂ ಅನುಮಾನ ಬರುವುದು ಸಹಜ. ಅಡಿಕೆ ಕಳವಿನ ಭಯ ಅವರಿಗೆ ಇದ್ದೇ ಇದೆ. ಇದು ಎಂಥ ಆಟ, ನಾವು ಏನನ್ನೂ ಅಗೆಯುವುದಿಲ್ಲ, ಏನನ್ನೂ ಒಯ್ಯುವುದಿಲ್ಲ ಎಂದು ನಾಲ್ಕು ಸಾಲು ಕನ್ನಡದಲ್ಲಿ ಟೈಪ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿಕೊಳ್ಳಿ. ಯಂತ್ರದ ಪರದೆ ತೋರಿಸಿ ಇಂಗ್ಲಿಷಿನಲ್ಲಿ ವಿವರಿಸುವುದಕ್ಕಿಂತ, ‘ಅಣ್ಣಾ, ಇದನ್ನೊಂಚೂರು ಓದಿ’ ಎಂದು ಆ ಹಾಳೆ ಕೊಡುವುದು ಬೇಗ ಕೆಲಸ ಮಾಡುತ್ತದೆ. ಎಷ್ಟೋ ಸಲ ಅವರೇ ಒಳದಾರಿ ತೋರಿಸುತ್ತಾರೆ. ಕೆಳದಿ ಅರಸರ ಕಾಲದ ಕವಲೇದುರ್ಗ, ನಗರದ ಕೋಟೆಗಳಂಥ ಜಾಗಗಳಲ್ಲಿ ಮಾತ್ರ ಯಾವ ಹಾಳೆಯೂ ರಕ್ಷಣೆಯಲ್ಲ. ಅಲ್ಲಿ ಕಟ್ಟಡದ ಕಲ್ಲನ್ನು ಅಲುಗಿಸಬೇಕಾಗಿ ಬರುವ ಕ್ಯಾಶ್ ಇದೆಯೆಂದು ಸಾಧನ ಹೇಳಿದರೂ ಮುಟ್ಟಬೇಡಿ, ಇಟ್ಟವರಿಗೆ ಅಥವಾ ಜಾಲತಾಣದ ಪರಿಶೀಲಕರಿಗೆ ತಿಳಿಸಿ.

ಬಿಡಲಾಗದ ಮೂರನೆಯ ಕಾಗದ ಅರಣ್ಯ ಇಲಾಖೆಯ ಅನುಮತಿ ಪತ್ರ. ಶೆಟ್ಟಿಹಳ್ಳಿ, ಶರಾವತಿ ಕಣಿವೆಯಂಥ ಅಭಯಾರಣ್ಯಗಳ ಒಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ನಿಮ್ಮ ಸಾಧನದ ನಕ್ಷೆಯಲ್ಲಿ ಅಭಯಾರಣ್ಯದ ಗಡಿ ಇರಬಹುದು, ಇಲ್ಲದಿರಬಹುದು, ಇದ್ದರೂ ಅದನ್ನು ನೆಚ್ಚುವಂತಿಲ್ಲ. ಹಿಂದಿನ ದಿನವೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಇರುವ ಜಾಗಗಳಲ್ಲಿಯೂ ಅದರ ಪ್ರತಿಯನ್ನು ಪ್ರಿಂಟ್ ತೆಗೆದೇ ಒಯ್ಯಿರಿ, ಏಕೆಂದರೆ ಚೆಕ್‌ಪೋಸ್ಟ್ ಇರುವಲ್ಲಿ ನೆಟ್‌ವರ್ಕ್ ಇರುವುದಿಲ್ಲ ಮತ್ತು ಅಲ್ಲಿನ ಸಿಬ್ಬಂದಿಗೆ ತಮ್ಮ ದಫ್ತರಕ್ಕೆ ಒಂದು ಪ್ರತಿ ಬೇಕಾಗಬಹುದು. ಎರಡು ಪ್ರತಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.